ಲಾಭ ಮತ್ತು ಕೊಸರು

ನಮ್ಮ ಊರಿನ ಕಡೆ ಧಾನ್ಯ ಅಳೆಯುವಾಗ ಮೊದಲನೆಯ ಸೇರಿಗೆ ‘ಒಂದು’ ಎನ್ನುವ ವಾಡಿಕೆಯಿಲ್ಲ; ‘ಲಾಭ’ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಅಂಕಗಣಿತದ ಮೇಷ್ಟರು ಇದನ್ನು ಒಪ್ಪಲಾರರು. ಆದರೆ ಕಣದ ಗಣಿತವೇ ಬೇರೆ. ಅಳೆದು ಮುಗಿದ ಮೇಲೆ ಕೊನೆಗೆ ಒಂದು ಬೊಗಸೆ ಕೊಸರು. ಆ ಬೊಗಸೆಗೆ ಲೆಕ್ಕವಿಲ್ಲ, ಬೆಲೆಯೂ ಇಲ್ಲ. ಎಪ್ಪತ್ತು ದಾಟಿದ ನನ್ನ ತಾಯಿ ಇಂದಿಗೂ ಹೀಗೆಯೇ ಅಳೆಯುತ್ತಾಳೆ. ಕೊಸರು ಹಾಕದೆ ಸೇರನ್ನು ಕೆಳಗಿಟ್ಟರೆ ಆಕೆಯ ಪಾಲಿಗೆ ಅಳತೆ ಮುಗಿದಂತೆಯೇ ಅಲ್ಲ. ಚಿಕ್ಕಂದಿನಲ್ಲಿ ಇದನ್ನು ನಾನು ಆಕೆಯ ಧಾರಾಳತನವೆಂದಷ್ಟೇ ತಿಳಿದಿದ್ದೆ. ಈಚೆಗೆ ಅದರ ಅರ್ಥ ಬೇರೆಯಾಗಿ ಕಾಣತೊಡಗಿದೆ. ಅದು ಹೇಗೆಂಬುದನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪಿನಿಂದ ಪ್ರಾರಂಭಿಸಬೇಕು.

ಕಳೆದ ವರ್ಷ ಪದವಿ ತರಗತಿಗೆ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಪಾಠ ಮಾಡುತ್ತಿದ್ದೆ. ಭತ್ತಕ್ಕೂ ರಾಗಿಗೂ, ಕವಿಯ ಮಾತಿನಲ್ಲಿ ವ್ರೀಹಿಗೂ ನರೆದಲೆಗನಿಗೂ, ಶ್ರೀರಾಮನ ಸಮ್ಮುಖದಲ್ಲಿ ನಡೆಯುವ ವಾಗ್ವಾದದ ಭಾಗ. ಜಗಳದ ಪಾಠವೆಂದರೆ ಅಧ್ಯಾಪಕನಿಗೆ ಉತ್ಸಾಹ ಹೆಚ್ಚು. ಭತ್ತಕ್ಕೊಂದು ದನಿ, ರಾಗಿಗೊಂದು ದನಿ ತೆಗೆದು ಓದುತ್ತಿದ್ದೆ. ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಳು. ನನ್ನ ಅಹಂಕಾರಕ್ಕೆ ಅಷ್ಟು ಸಾಕಾಯಿತು. “ಏನಮ್ಮ, ಇವರಿಬ್ಬರ ಜಗಳ ನಿನಗೆ ಜೋಗುಳವಾಯಿತೇನು?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಆಕೆ ಗಡಬಡಿಸಿ ಎದ್ದು ನಿಂತಳು; ನಿಂತವಳು ಹಾಗೆಯೇ ಕುಸಿದಳು.

ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಾಯಿತು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಎಂಟಕ್ಕೂ ಕಡಿಮೆಯಿತ್ತು. ಏನು ಊಟ ಮಾಡುತ್ತೀ ಎಂದು ಡಾಕ್ಟರು ಕೇಳಿದರು. “ಅನ್ನ ಸಾರು” ಎಂದಳು. ಬೆಳಿಗ್ಗೆ? ಬಸ್ಸು ಏಳಕ್ಕೆ, ಕೆಲವು ದಿನ ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ, ಕೆಲವು ದಿನ ಅದೂ ಇಲ್ಲ. ರಾತ್ರಿ? ಮತ್ತೆ ಅನ್ನ ಸಾರು. ಮುದ್ದೆ ಮಾಡುವುದಿಲ್ಲವೇ ಎಂದು ನಾನು ಕೇಳಿದೆ. “ಮುಂಚೆ ಮಾಡ್ತಿದ್ರು ಸಾರ್. ಈಗ ಹೊಲ ಇಲ್ಲ. ರೇಷನ್ ಅಕ್ಕಿ ಬರುತ್ತೆ.” ಮನೆಯವರ ಮೇಲೆ ದೂರು ಬಂದೀತೆಂದು ಹೆದರಿದವಳಂತೆ, “ಹೊಟ್ಟೆ ತುಂಬ ಉಣ್ತೀನಿ ಸಾರ್” ಎಂದು ಎರಡು ಸಲ ಹೇಳಿದಳು. ಆ ಮಾತು ಸುಳ್ಳಲ್ಲ. ಹೊಟ್ಟೆ ತುಂಬುತ್ತಿತ್ತು, ರಕ್ತ ತುಂಬುತ್ತಿರಲಿಲ್ಲ.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಈ ಸಂಗತಿಯನ್ನು ನನ್ನ ಸ್ನೇಹಿತರಾದ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ಹೇಳಿದೆ. ಅವರು ಮಿತಭಾಷಿಗಳು. ಚಹದ ಲೋಟವನ್ನು ಕೆಳಗಿಟ್ಟು, “ಆ ಹುಡುಗಿಯ ತಟ್ಟೆ ಇವತ್ತೇ ಬಡವಾಗಿದೆ, ಮೇಷ್ಟ್ರೇ. ಆ ತಟ್ಟೆಯಲ್ಲಿರುವ ಅನ್ನವೂ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿದೆ ಅಂದರೆ ನಂಬುತ್ತೀರಾ?” ಎಂದರು. ಮಣ್ಣು ಕೆಟ್ಟಿದೆ, ಗೊಬ್ಬರ ಹೆಚ್ಚಾಗಿದೆ ಎಂಬ ಹಳೆಯ ಮಾತೇ ಇರಬೇಕೆಂದುಕೊಂಡೆ. ಅಲ್ಲವಂತೆ, ಕಾರಣ ಗಾಳಿಯಲ್ಲಿದೆಯಂತೆ.

ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು, ಹಳೆಯ ಪಠ್ಯಪುಸ್ತಕಗಳ ಇಂಗಾಲಾಮ್ಲ, ಗಿಡಮರಗಳ ಆಹಾರವೆಂಬುದು ನನಗೂ ಗೊತ್ತು. ಕಲ್ಲಿದ್ದಲು, ಪೆಟ್ರೋಲುಗಳ ಉರಿ ಹೆಚ್ಚುವ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇದು ಸುಮಾರು 280 ಭಾಗ ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ತೊಡಗಿದಾಗ 315ರಷ್ಟಿತ್ತು. ಈಗ 420ನ್ನು ದಾಟಿದೆ. “ಒಳ್ಳೆಯದೇ ಆಯಿತಲ್ಲ! ಗಿಡಕ್ಕೆ ಊಟ ಹೆಚ್ಚಾಯಿತು, ಬೆಳೆಯೂ ಹೆಚ್ಚೀತು” ಎಂದೆ. “ಹೆಚ್ಚುತ್ತದೆ. ತೊಂದರೆಯಿರುವುದೇ ಅಲ್ಲಿ” ಎಂದರು.

ಅವರು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಗಿಡಕ್ಕೆ ಎರಡು ಕಡೆಯಿಂದ ಸಾಮಗ್ರಿ ಬರಬೇಕು. ಎಲೆ ಗಾಳಿಯಿಂದ ಇಂಗಾಲಾಮ್ಲವನ್ನು ಎಳೆದು ಸಕ್ಕರೆ ಮಾಡುತ್ತದೆ, ಸಕ್ಕರೆಯಿಂದ ಪಿಷ್ಟವಾಗುತ್ತದೆ. ಬೇರು ಮಣ್ಣಿನಿಂದ ಕಬ್ಬಿಣ, ಸತು, ಸಾರಜನಕಗಳನ್ನು ತರುತ್ತದೆ. ಗಾಳಿಯ ಕಡೆಯ ಸರಬರಾಜು ಹೆಚ್ಚಿ ಮಣ್ಣಿನ ಕಡೆಯದು ಅಷ್ಟೇ ಉಳಿದರೆ, ಊಟದ ಹೊತ್ತಿಗೆ ನೆಂಟರು ಬಂದಾಗ ಸಾರಿಗೆ ನೀರು ಬೆರೆಸಿದಂತೆ ಆಗುತ್ತದೆ. ಪಾತ್ರೆ ತುಂಬಿರುತ್ತದೆ, ಬೇಳೆ ಮೊದಲಿನಷ್ಟೇ. ಇದು ಒಂದು. ಇನ್ನೊಂದು, ಇಂಗಾಲಾಮ್ಲ ಸುಲಭವಾಗಿ ಸಿಕ್ಕಿದರೆ ಎಲೆ ತನ್ನ ಸಣ್ಣ ರಂಧ್ರಗಳನ್ನು ಪೂರ್ತಿ ತೆರೆಯಬೇಕಾಗುವುದಿಲ್ಲ. ಆಗ ಎಲೆಯಿಂದ ಆವಿಯಾಗುವ ನೀರು ಕಡಿಮೆ. ಆದ್ದರಿಂದ ಬೇರಿನಿಂದ ಮೇಲೇರುವ ನೀರೂ ಕಡಿಮೆ. ಆ ನೀರಿನಲ್ಲಿ ಕರಗಿ ಬರಬೇಕಾದ ಲವಣಗಳು ಮಣ್ಣಿನಲ್ಲೇ ಉಳಿಯುತ್ತವೆ. ಮೂರನೆಯದು, ಇಂಗಾಲಾಮ್ಲವನ್ನು ಹಿಡಿಯುವುದಕ್ಕೆಂದೇ ಎಲೆ ಒಂದು ಪ್ರೋಟೀನನ್ನು ರಾಶಿರಾಶಿಯಾಗಿ ಇಟ್ಟುಕೊಂಡಿರುತ್ತದೆ. ಬೇಟೆ ಸುಲಭವಾದ ಮೇಲೆ ಬಲೆ ಅಷ್ಟು ದೊಡ್ಡದು ಏಕೆ? ಅದೂ ಕುಗ್ಗುತ್ತದೆ. ಅದರೊಂದಿಗೆ ಕಾಳಿನ ಪ್ರೋಟೀನೂ.

ಇವೆಲ್ಲ ಊಹೆಯಲ್ಲ. ಬಯಲಿನ ಗದ್ದೆಯಲ್ಲೇ ಸುತ್ತಲೂ ಕೊಳವೆಗಳ ಬಳೆ ಹಾಕಿ, ಅದರಿಂದ ಇಂಗಾಲಾಮ್ಲವನ್ನು ಬಿಟ್ಟು, ಈ ಶತಮಾನದ ನಡುಭಾಗದಲ್ಲಿ ಗಾಳಿ ಹೇಗಿರಬಹುದೋ ಹಾಗೆ, ಅಂದರೆ 550ರ ಆಸುಪಾಸಿಗೆ ತಂದು ಬೆಳೆ ತೆಗೆದಿದ್ದಾರೆ. ಜಪಾನ್, ಆಸ್ಟ್ರೇಲಿಯ, ಅಮೆರಿಕಗಳಲ್ಲಿ ಹೀಗೆ ಬೆಳೆದ ಕಾಳುಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಗೋಧಿಯಲ್ಲಿ ಸತು ನೂರಕ್ಕೆ 9ರಷ್ಟು, ಕಬ್ಬಿಣ 5ರಷ್ಟು, ಪ್ರೋಟೀನು 6ರಷ್ಟು ಇಳಿದಿತ್ತು. ಅಕ್ಕಿಯಲ್ಲಿ ಪ್ರೋಟೀನು ಸುಮಾರು 8, ಕಬ್ಬಿಣ 5, ಸತು 3. ಚೀನಾ ಮತ್ತು ಜಪಾನಿನ ಗದ್ದೆಗಳಲ್ಲಿ ಹದಿನೆಂಟು ಭತ್ತದ ತಳಿಗಳನ್ನು ಪರೀಕ್ಷಿಸಿ 2018ರಲ್ಲಿ ಹೊರಬಂದ ಇನ್ನೊಂದು ಲೆಕ್ಕ, ಬಿ ಗುಂಪಿನ ವಿಟಮಿನ್ನುಗಳೂ ಇಳಿಯುತ್ತವೆಂದು ತೋರಿಸಿತು. ಬಿ1 ನೂರಕ್ಕೆ 17ರಷ್ಟು. ರಕ್ತವಾಗುವುದಕ್ಕೆ ಬೇಕಾದ ಫೋಲೇಟ್ ನೂರಕ್ಕೆ 30ರಷ್ಟು. ವಿಟಮಿನ್ ಇ ಮಾತ್ರ ಏರಿತ್ತಂತೆ.

ಪಾಠಾಂತರಗಳೊಂದಿಗೆ ಹೆಣಗಿ ಬದುಕುವ ನನ್ನಂಥವನಿಗೆ ಇಷ್ಟಕ್ಕೆ ತೃಪ್ತಿಯಿಲ್ಲ. “ಹೊಸ ತಳಿಗಳ ದೋಷವಿರಬಾರದೇಕೆ? ಹಿಂದಿನ ಭತ್ತದ ರುಚಿ ಈಗಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಲೇ ಇದ್ದರಲ್ಲ” ಎಂದೆ. ತಳಿಯ ದೋಷವೂ ಇರಬಹುದು, ಅದು ಬೇರೆ ವ್ಯಾಜ್ಯ ಎಂದರು ಸ್ನೇಹಿತರು. ಇಲ್ಲಿ ಬಳೆಯ ಒಳಗೂ ಹೊರಗೂ ಇದ್ದದ್ದು ಒಂದೇ ತಳಿ. ಆಮೇಲೆ ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಬಾಯಿ ಕಟ್ಟಿಸಿತು. ಉತ್ತರ ಅಮೆರಿಕದಲ್ಲಿ ಗೋಲ್ಡನ್‌ರಾಡ್ ಎಂಬ ಹಳದಿ ಹೂವಿನ ಕಾಡುಗಿಡವಿದೆ. ಯಾರೂ ಬಿತ್ತುವುದಿಲ್ಲ, ಯಾರೂ ತಳಿ ತಿದ್ದಿಲ್ಲ, ಯಾರೂ ಗೊಬ್ಬರ ಹಾಕಿಲ್ಲ. ಚಳಿಗಾಲಕ್ಕೆ ಮುಂಚೆ ಜೇನುಹುಳುಗಳಿಗೆ ಇದರ ಪರಾಗವೇ ಆಸರೆ. ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ 1842ರಿಂದ ಒಣಗಿಸಿ ಇಟ್ಟ ಇದರ ಮಾದರಿಗಳಿದ್ದವು. ಅವುಗಳ ಪರಾಗವನ್ನು 2014ರವರೆಗಿನ ಪರಾಗದೊಂದಿಗೆ ಹೋಲಿಸಿದಾಗ ಪ್ರೋಟೀನು ಮೂರರಲ್ಲೊಂದು ಪಾಲು ಇಳಿದಿತ್ತು. ಹಳೆಯ ಓಲೆಯ ಪಕ್ಕದಲ್ಲಿ ಹೊಸ ಪ್ರತಿಯನ್ನಿಟ್ಟು ನೋಡಿದಂತೆ. ಇಂಥ ಸಾಕ್ಷ್ಯವನ್ನು ಅಲ್ಲಗಳೆಯುವ ವಿದ್ಯೆ ನಮ್ಮ ಶಾಖೆಯಲ್ಲಿಲ್ಲ.

“ಹಾಗಾದರೆ ಎಲ್ಲ ಧಾನ್ಯಗಳ ಕಥೆಯೂ ಇಷ್ಟೇ?” ಎಂದು ಕೇಳಿದೆ. ಸ್ನೇಹಿತರು ಮೊದಲ ಸಲ ನಕ್ಕರು. “ನಿಮ್ಮ ಕನಕದಾಸರ ಮೊಕದ್ದಮೆಗೆ ಮರುವಿಚಾರಣೆ ಇದೆ” ಎಂದರು. ಎಲೆಗಳಲ್ಲಿ ಎರಡು ಕುಲಗಳಂತೆ. ಭತ್ತ, ಗೋಧಿ, ಬೇಳೆಕಾಳುಗಳ ಎಲೆ ಇಂಗಾಲಾಮ್ಲವನ್ನು ಹಿಡಿದು ಮೊದಲು ಮಾಡುವ ವಸ್ತುವಿನಲ್ಲಿ ಮೂರು ಇಂಗಾಲದ ಪರಮಾಣುಗಳಿರುತ್ತವೆ. ರಾಗಿ, ಜೋಳ, ಸಜ್ಜೆ, ಮುಸುಕಿನ ಜೋಳ, ಕಬ್ಬುಗಳಲ್ಲಿ ನಾಲ್ಕು. ಈ ಎರಡನೆಯ ಕುಲದವು ಇಂಗಾಲಾಮ್ಲವನ್ನು ಎಲೆಯೊಳಗೇ ಕೂಡಿಹಾಕಿಕೊಳ್ಳುವ ಉಪಾಯ ಬಲ್ಲವು. ಹೊರಗೆ ಅದು ಹೆಚ್ಚಾದರೂ ಇವುಗಳ ನಡತೆ ಅಷ್ಟಾಗಿ ಬದಲಾಗುವುದಿಲ್ಲ. 2014ರ ಲೆಕ್ಕದಲ್ಲಿ ಜೋಳವೂ ಮುಸುಕಿನ ಜೋಳವೂ ಇದ್ದವು. ಅವು ಹೆಚ್ಚೇನೂ ಕಳೆದುಕೊಂಡಿರಲಿಲ್ಲ.

ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕಾವ್ಯದಲ್ಲಿ ರಾಮ ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ರಾಘವನ ಹೆಸರನ್ನು ಪಡೆದು ರಾಗಿಯಾಗುತ್ತದೆ. ಈಗ ಗಾಳಿಯೇ ಸೆರೆಮನೆಯಾಗಿದೆ, ತೀರ್ಪು ಮಾತ್ರ ಹಳೆಯದೇ ಎಂದು ನಾನು ಭಾಷಣಕ್ಕೆ ತೊಡಗಿದೆ. ಸ್ನೇಹಿತರು ತಡೆದರು. “ನಿಲ್ಲಿ ಸ್ವಾಮಿ. ರಾಗಿ ಗೆದ್ದಿತೆಂದು ಜಯಕಾರ ಹಾಕಬೇಡಿ. ಕರಾವಳಿಯವರು, ಮಲೆನಾಡಿನವರು, ಬಂಗಾಳದವರು ನಾಳೆಯಿಂದ ಮುದ್ದೆ ನುಂಗುತ್ತಾರೆಯೇ? ನೀರು ನಿಲ್ಲುವ ಗದ್ದೆಯಲ್ಲಿ ಭತ್ತವಲ್ಲದೆ ಇನ್ನೇನು ಬೆಳೆಯುತ್ತೀರಿ? ಬಟಾಣಿ, ಸೋಯಾಗಳಲ್ಲೂ ಕಬ್ಬಿಣ, ಸತು ಇಳಿದಿವೆ. ರಾಗಿಯ ಕಬ್ಬಿಣವೂ ಪೂರ್ತಿಯಾಗಿ ಮೈಗೆ ಹತ್ತುವುದಿಲ್ಲ.” ಆದರೂ, ನೂರು ಗ್ರಾಂ ರಾಗಿಯಲ್ಲಿ ನಾಲ್ಕು ಮಿಲಿಗ್ರಾಂಗೂ ಮಿಕ್ಕಿ ಕಬ್ಬಿಣವಿದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲವೆಂಬುದನ್ನು ಅವರೂ ಒಪ್ಪಿಕೊಂಡರು. ಆ ಒಂದಕ್ಕೂ ಕಡಿಮೆಯಾದದ್ದರಲ್ಲೇ ಈಗ ಕಳೆಯುತ್ತಿರುವುದು.

ಆ ಸಂಜೆ ಮನೆಗೆ ಬಂದು ಊಟಕ್ಕೆ ಕುಳಿತೆ. ಅನ್ನ, ಹುಳಿ, ಸೊಪ್ಪಿನ ಪಲ್ಯ, ಮೊಸರು, ಕೊನೆಗೆ ಒಂದು ಬಾಳೆಹಣ್ಣು. ಇದರ ಅನ್ನದಲ್ಲಿ ನೂರಕ್ಕೆ ಐದು ಹೋದರೇನು, ಎಂಟು ಹೋದರೇನು? ಸೊಪ್ಪು ತುಂಬೀತು, ಮೊಸರು ತುಂಬೀತು. ನನಗೆ ತಿಳಿಯುವುದೂ ಇಲ್ಲ. ನಷ್ಟವಾಗುವುದು ಅನ್ನದ ಹೊರತು ಬೇರೇನೂ ಇಲ್ಲದ ತಟ್ಟೆಗೆ. ಆ ಹುಡುಗಿಯ ರಕ್ತಹೀನತೆಯ ಹೊಣೆಯನ್ನು ಗಾಳಿಯ ತಲೆಗೆ ಕಟ್ಟಬೇಡಿ ಎಂದು ಸ್ನೇಹಿತರು ಎಚ್ಚರಿಸಿದ್ದರು. ಅದು ಬಡತನದ್ದು, ನಮ್ಮೆಲ್ಲರದ್ದು. ನಿಜ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಈಗಾಗಲೇ ಅಂಚಿನಲ್ಲಿ ನಿಂತವರನ್ನು ಕೆಡವುವುದಕ್ಕೆ ದೊಡ್ಡ ನೂಕು ಬೇಕಿಲ್ಲ. ಗಾಳಿ 550ನ್ನು ಮುಟ್ಟಿದಾಗ ಭಾರತವೊಂದರಲ್ಲೇ ಹೊಸದಾಗಿ ಐದು ಕೋಟಿ ಜನರಿಗೆ ಸತುವಿನ ಕೊರತೆ, ಮೂರು ಕೋಟಿ ಎಂಬತ್ತು ಲಕ್ಷ ಜನರಿಗೆ ಪ್ರೋಟೀನಿನ ಕೊರತೆ ಉಂಟಾಗಬಹುದೆಂದು 2018ರ ಒಂದು ಅಂದಾಜು ಹೇಳುತ್ತದೆ. ಆ ಹೊಗೆಯಲ್ಲಿ ಇವರ ಪಾಲು ಎಷ್ಟು? ಏಳು ಗಂಟೆಯ ಬಸ್ಸಿನಲ್ಲಿ ನಿಂತು ಬಂದದ್ದು, ಅಷ್ಟೆ.

ಬರವಾದರೆ ಕಣ ಬರಿದಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಸರ್ಕಾರ ಕೇಳುತ್ತದೆ, ಪತ್ರಿಕೆ ಬರೆಯುತ್ತದೆ. ಇದು ಹಾಗಲ್ಲ. ಕಣ ತುಂಬಿದೆ, ಸೇರು ತುಂಬಿದೆ, ಹೊಟ್ಟೆಯೂ ತುಂಬಿದೆ. ಅನ್ನಕ್ಕೆ ಬಣ್ಣ ಕೆಟ್ಟಿಲ್ಲ, ವಾಸನೆಯಿಲ್ಲ. ದೂರು ಕೊಡುವುದಾದರೂ ಯಾರಿಗೆ, ಏನೆಂದು? ಉಪಾಯವೇ ಇಲ್ಲವೆಂದಲ್ಲ. ಎಲ್ಲ ಭತ್ತದ ತಳಿಗಳೂ ಒಂದೇ ಪ್ರಮಾಣದಲ್ಲಿ ಕಳೆದುಕೊಳ್ಳುವುದಿಲ್ಲವಾದ್ದರಿಂದ ಗಟ್ಟಿಯಾದವನ್ನು ಆರಿಸಬಹುದು. ಹೈದರಾಬಾದಿನ ಭತ್ತ ಸಂಶೋಧನ ಸಂಸ್ಥೆಯವರು ಸತು ಹೆಚ್ಚಾಗಿರುವ ತಳಿಗಳನ್ನು ಹೊರತಂದೂ ಇದ್ದಾರೆ. ಬಡವನ ತಟ್ಟೆಗೆ ಅಕ್ಕಿಯ ಜೊತೆ ರಾಗಿ, ಜೋಳ, ಬೇಳೆ, ಸೊಪ್ಪು ಸೇರಿಸಬಹುದು. ಎಲ್ಲಕ್ಕೂ ಮೂಲವಾದ ಹೊಗೆಯನ್ನು ತಗ್ಗಿಸಬಹುದು. ಆದರೆ ನಷ್ಟವಾಗುತ್ತಿದೆಯೆಂದು ಮೊದಲು ಗೊತ್ತಾಗಬೇಕಲ್ಲ.

ಗುಣವಾಗಿ ಬಂದ ಹುಡುಗಿಯ ಕ್ಷಮೆ ಕೇಳಿದೆ. ನಗಿಸಿದ್ದು ತರಗತಿಯ ಎದುರಿಗೆ. ಕೇಳಿದ್ದೂ ತರಗತಿಯ ಎದುರಿಗೇ. ಆಕೆ ತಲೆ ತಗ್ಗಿಸಿ, “ಇರಲಿ ಬಿಡಿ ಸಾರ್” ಎಂದಳು. ಈಗ ಕಬ್ಬಿಣದ ಮಾತ್ರೆ ನುಂಗುತ್ತಿದ್ದಾಳೆ. ಪಾಠದ ನಡುವೆ ತಲೆಯೆತ್ತಿ ಕುಳಿತಿರುತ್ತಾಳೆ.

ರಜೆಯಲ್ಲಿ ಊರಿಗೆ ಹೋದಾಗ ತಾಯಿಗೆ ಇದೆಲ್ಲವನ್ನೂ ಹೇಳಿದೆ. ಇಂಗಾಲಾಮ್ಲ, ಪಿಷ್ಟಗಳ ಗೊಡವೆಯಿಲ್ಲದೆ, ಗಾಳಿ ಕೆಟ್ಟು ಕಾಳು ದಪ್ಪವಾಗಿ ಒಳಗಿನ ಸತ್ವ ಕಡಿಮೆಯಾಗುತ್ತಿದೆಯೆಂದು ತಿಳಿಸಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಹಂಗಂದ್ರೆ ಅಳತೆ ಅಷ್ಟೇ ಐತೆ, ಕೊಸರು ಹೋಯ್ತು ಅನ್ನು” ಎಂದಳು. ಇಷ್ಟು ಪುಟಗಳಲ್ಲಿ ನಾನು ಹೇಳಲು ಹೆಣಗಿದ್ದು ಅದನ್ನೇ. ಅಕ್ಕಿಯನ್ನು ನಾವು ತೂಕಕ್ಕೆ ಕೊಳ್ಳುತ್ತೇವೆ. ಅದರೊಳಗಿನ ಕಬ್ಬಿಣ, ಸತುಗಳನ್ನು ಯಾರೂ ಕೇಳಿ ಪಡೆದದ್ದಲ್ಲ. ಭೂಮಿ ಲೆಕ್ಕವಿಲ್ಲದೆ ಕೊಡುತ್ತಿದ್ದ ಬೊಗಸೆ ಅದು.

ಹೊರಡುವ ದಿನ, ಆ ಹುಡುಗಿಯ ಮನೆಗೆ ಸ್ವಲ್ಪ ರಾಗಿ ಕೊಡು ಎಂದು ಕೇಳಿದೆ. ಒಂದು ಚೀಲ ರಾಗಿಯಿಂದ ಒಂದು ಮನೆಯ ವರ್ಷ ಕಳೆಯುವುದಿಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತು. ತಾಯಿ ನಡುಮನೆಯಲ್ಲಿ ಕುಳಿತು ಸೇರು ತುಂಬಿದಳು. ಲಾಭ, ಎರಡು, ಮೂರು. ಹತ್ತಕ್ಕೆ ನಿಲ್ಲಿಸಿ, ಒಂದು ಬೊಗಸೆ ಹಾಕಿದಳು. ಆಮೇಲೆ ಏನೋ ನೆನೆದುಕೊಂಡವಳಂತೆ ಇನ್ನೊಂದು ಬೊಗಸೆಯನ್ನೂ ಹಾಕಿದಳು. ನಾನು ಚೀಲದ ಬಾಯಿ ಕಟ್ಟಿದೆ.