ಚಂದ್ರಶಿಲೆಯ ದಾರಿಯಲ್ಲಿ

ಕರ್ನಾಟಕದ ಅತಿ ಎತ್ತರದ ಶಿಖರ ಯಾವುದೆಂದು ಕೇಳಿದರೆ ಮಕ್ಕಳು ತಕ್ಷಣ ಮುಳ್ಳಯ್ಯನಗಿರಿ ಎನ್ನುತ್ತಾರೆ. ಅದರ ಎತ್ತರ 1,930 ಮೀಟರ್. ಉತ್ತರಾಖಂಡದ ಚಂದ್ರಶಿಲೆಗೆ ಹೋಗುವವರು ನಡಿಗೆ ಶುರುಮಾಡುವ ಚೋಪ್ತಾ ಊರೇ ಸುಮಾರು 2,700 ಮೀಟರ್ ಎತ್ತರದಲ್ಲಿದೆ! ಅಲ್ಲಿಂದ ತುಂಗನಾಥ ದೇವಸ್ಥಾನಕ್ಕೆ ಸುಮಾರು ಮೂರೂವರೆ ಕಿಲೋಮೀಟರ್. ಮುಂದೆ ಶಿಖರಕ್ಕೆ ಇನ್ನೂ ಒಂದೂವರೆ ಕಿಲೋಮೀಟರ್. ಶಿಖರದ ಎತ್ತರ ಸುಮಾರು 4,000 ಮೀಟರ್.

ದಸರಾ ರಜೆಯಲ್ಲಿ ಮಗಳು ಮತ್ತು ಹತ್ತು ವರ್ಷದ ಮೊಮ್ಮಗಳ ಜೊತೆ ನಾನೂ ಹೊರಟೆ. ಕಲ್ಲು ಹಾಸಿದ ಏರುದಾರಿ. ಮೊದಲು ಬುರಾಂಶ್ ಮರಗಳ ಕಾಡು. ಅದರ ಕೆಂಪು ಹೂ ನೋಡಬೇಕಾದರೆ ವಸಂತದಲ್ಲಿ ಹೋಗಬೇಕು. ಇನ್ನೂ ಮೇಲೇರಿದರೆ ಚಳಿಗೆ ಮರಗಳೇ ಬೆಳೆಯುವುದಿಲ್ಲ, ಬರೀ ಹುಲ್ಲುಗಾವಲು. ಅಲ್ಲಿಯವರು ಅದನ್ನು ಬುಗ್ಯಾಲ್ ಎನ್ನುತ್ತಾರೆ.

"ತಾತ, ಹುಲ್ಲಿನ ಮೇಲೆ ಹೋದರೆ ಬೇಗ ತಲುಪಬಹುದು" ಎಂದಳು ಮೊಮ್ಮಗಳು. "ಬೇಡಮ್ಮ, ಎಲ್ಲರೂ ಹಾಗೆ ತುಳಿದರೆ ಹುಲ್ಲು ಸಾಯುತ್ತೆ. ಆಮೇಲೆ ಮಳೆಗೆ ಮಣ್ಣೆಲ್ಲ ಕೊಚ್ಚಿಹೋಗುತ್ತೆ" ಎಂದೆ.

ತುಂಗನಾಥ ಪಂಚಕೇದಾರಗಳಲ್ಲಿ ಒಂದು. ಪಾಂಡವರಿಗೆ ಸಿಗದೆ ಎತ್ತಿನ ರೂಪ ತಾಳಿ ಮರೆಯಾದ ಶಿವನ ತೋಳುಗಳು ಇಲ್ಲಿ ಕಾಣಿಸಿಕೊಂಡವಂತೆ. ಚಳಿಗಾಲದಲ್ಲಿ ಹಿಮ ಮುಚ್ಚುವುದರಿಂದ ದೇವರ ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕುಮಠಕ್ಕೆ ಕರೆದೊಯ್ಯುತ್ತಾರೆ.

ದೇವಸ್ಥಾನವಿರುವುದು ಸುಮಾರು 3,680 ಮೀಟರ್ ಎತ್ತರದಲ್ಲಿ. ಸಮುದ್ರತೀರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಇಲ್ಲಿ ಸಿಗುವುದು ಮೂರರಲ್ಲಿ ಎರಡು ಪಾಲು ಮಾತ್ರ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಬಂದ ನಾನು, "ನೀವಿಬ್ಬರೂ ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ" ಎಂದೆ. ಮೊಮ್ಮಗಳ ಮುಖ ಬಾಡಿತು. "ಇಷ್ಟು ದೂರ ಬಂದು ಶಿಖರ ಬಿಡ್ತೀರಾ ತಾತ?"

"ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೋಗುತ್ತಿರಲಿಲ್ಲ ಪುಟ್ಟಿ. ಇರುವ ಶಕ್ತಿಯನ್ನೆಲ್ಲ ಹತ್ತುವುದಕ್ಕೇ ಖರ್ಚು ಮಾಡಿದರೆ ಇಳಿಯಲು ಏನು ಉಳಿಯುತ್ತೆ?"

ಆಸೆ ಇರಲಿಲ್ಲವೆಂದಲ್ಲ. ಅವರು ತಿರುವಿನಲ್ಲಿ ಕಣ್ಮರೆಯಾಗುವವರೆಗೂ ನೋಡುತ್ತಲೇ ಇದ್ದೆ. ಎರಡು ಗಂಟೆ ಕಳೆದು ಅವಳು ಓಡೋಡಿ ಬಂದಳು. ನಂದಾದೇವಿ, ತ್ರಿಶೂಲ್, ಚೌಖಂಬಾ ಎಂದು ಬೆರಳು ಮಡಿಸುತ್ತಾ ಎಣಿಸಿದಳು. ಚಂದ್ರ ತಪಸ್ಸು ಮಾಡಿದ ಜಾಗವಂತೆ, ಅಲ್ಲೊಂದು ಪುಟ್ಟ ಗುಡಿಯೂ ಇದೆಯಂತೆ. ಕಾಣದ ಶಿಖರ ಅವಳ ಮಾತಿನಲ್ಲೇ ಕಂಡಿತು.

ಅಜ್ಜ ಅಜ್ಜಿಯರೂ ಹೋಗಿಬರಬಹುದು. ವೈದ್ಯರನ್ನು ಕೇಳಿ, ಹಿಂದಿನ ರಾತ್ರಿ ಚೋಪ್ತಾದಲ್ಲಿ ತಂಗಿ, ಬೆಳಿಗ್ಗೆ ಬೇಗ ಹೊರಡಿ. ಹೊತ್ತೇರಿದಂತೆ ಮೋಡ ಕವಿಯಬಹುದು. ನಾನಂತೂ ಚೋಪ್ತಾದವರೆಗೆ ನನ್ನ ಕಾಲ ಮೇಲೇ ಇಳಿದು ಬಂದೆ. ಲೆಕ್ಕ ತಾಳೆಯಾಯಿತು!