ತೋಟ ಸಮುದ್ರಕ್ಕೆ ಹೋದ ದಿನ

"ನಮ್ಮ ಸೊಸೆ ಯಾರದೋ ಹೊಲದ ಜಗಳ ಕೇಳೋದಕ್ಕೆ ಸಂಬಳ ತಗೋತಾಳೆ!" ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನಮ್ಮತ್ತೆ ಮೊದಮೊದಲು ಹೀಗೇ ಹೇಳುತ್ತಿದ್ದರು. ತಮಾಷೆಗೆ ಹೇಳಿದರೂ ಅದರಲ್ಲಿ ಸ್ವಲ್ಪ ನಿಜ ಇಲ್ಲದೆ ಇಲ್ಲ.

ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮದುವೆಯಾಗಿ ಇಪ್ಪತ್ತೆರಡು ವರ್ಷ ಸೌಟು ಹಿಡಿದ ಕೈ ಇದು. ಮಗಳು ಓದಲೆಂದು ಹಾಸ್ಟೆಲಿಗೆ ಹೋದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಫೀಸಿನ ಚೀಟಿಯೂ ಉದ್ದವಾಯಿತು. 2022ರಲ್ಲಿ, ನನಗೆ ನಲವತ್ತಮೂರು ತುಂಬಿದಾಗ, ನೆಂಟರ ಹುಡುಗಿಯೊಬ್ಬಳು ಬಂದು, "ಚಿಕ್ಕಮ್ಮಾ, ಬೆಂಗಳೂರಿನ ಒಂದು ಕಂಪೆನಿಗೆ ಕನ್ನಡದಲ್ಲಿ ಫೋನಿಗೆ ಉತ್ತರ ಕೊಡೋರು ಬೇಕಂತೆ. ಮನೇಲೇ ಕೂತು ಮಾಡಬಹುದು" ಎಂದಳು. ಆ ಕಂಪೆನಿ ಜಮೀನು ಅಳೆಯುವ ಉಪಕರಣ ಮಾರುತ್ತದೆ. ಹೊಲ ತೋಟಗಳ ನಕ್ಷೆ ಮೊಬೈಲಿನಲ್ಲಿ ಕಾಣುವಂತೆ ಮಾಡಿಕೊಡುತ್ತದೆ. ಇದಕ್ಕೆ ಜಿಯೋಸ್ಪೇಷಿಯಲ್ ತಂತ್ರಜ್ಞಾನ ಅಂತ ಹೆಸರು. ಆ ಹೆಸರು ತಪ್ಪಿಲ್ಲದೆ ಹೇಳಲು ಕಲಿಯುವುದಕ್ಕೇ ನನಗೆ ಎರಡು ದಿನ ಹಿಡಿಯಿತು!

"ಬಸ್ ಸ್ಟ್ಯಾಂಡಿನಿಂದ ಮನೆಗೆ ಬರೋವಾಗ ದಾರಿ ತಪ್ಪೋಳು ನೀನು, ಊರಿಗೆಲ್ಲ ನಕ್ಷೆ ತೋರಿಸ್ತೀಯಾ?" ಎಂದು ನಮ್ಮವರು ನಕ್ಕರು. ನಕ್ಕರೂ ಮಗಳ ಹಳೆಯ ಲ್ಯಾಪ್‌ಟಾಪನ್ನು ರಿಪೇರಿ ಮಾಡಿಸಿ ತಂದರು.

ಮೂರು ವಾರ ತರಬೇತಿ. ಮೊದಲ ದಿನ ತಲೆ ಗಿರ್ರೆಂದಿತು. ಆಮೇಲೆ ಒಂದೊಂದನ್ನೂ ನನಗೆ ತಿಳಿದಿದ್ದಕ್ಕೆ ಹೋಲಿಸಿಕೊಳ್ಳುತ್ತ ಹೋದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಒಂದು, ಎರಡು ಎಂದು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿ ಬಿತ್ತೆಂದು ಊಹಿಸುವುದಿಲ್ಲವೇ? ಮೊಬೈಲಿನ ಜಿ.ಪಿ.ಎಸ್. ಲೆಕ್ಕವೂ ಹಾಗೇ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ತಿರುಗುವ ಉಪಗ್ರಹಗಳಿಂದ ಸಂಕೇತ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಅದು ದೂರ ಕಂಡುಹಿಡಿಯುತ್ತದೆ. ನಾವು ನಿಂತ ಜಾಗ ಸರಿಯಾಗಿ ತಿಳಿಯಲು ನಾಲ್ಕು ಉಪಗ್ರಹವಾದರೂ ಬೇಕು. ಜಾಗಕ್ಕೆ ಮೂರು ಸಾಕಲ್ಲ ಅಂದರೆ, ನಾಲ್ಕನೆಯದು ಮೊಬೈಲಿನ ಗಡಿಯಾರದ ತಪ್ಪು ತಿದ್ದುವುದಕ್ಕೆ. 13.5 ಡಿಗ್ರಿ ಎಂದರೆ 13 ಡಿಗ್ರಿ 50 ನಿಮಿಷ ಅಲ್ಲ, 13 ಡಿಗ್ರಿ 30 ನಿಮಿಷ. ಒಂದೂವರೆ ಗಂಟೆ ಅಂದರೆ ಒಂದು ಗಂಟೆ ಮೂವತ್ತು ನಿಮಿಷ ತಾನೆ? ಅಷ್ಟೇ!

ಇಷ್ಟು ಕಲಿತೆನೆಂದು ಬೀಗುತ್ತಿದ್ದಾಗಲೇ ಎಡವಿದೆ. ಕೆಲಸಕ್ಕೆ ಕೂತ ಮೊದಲ ವಾರ ತಿಪಟೂರು ಕಡೆಯ ಯಜಮಾನರೊಬ್ಬರ ತೆಂಗಿನ ತೋಟವನ್ನು ನಕ್ಷೆಗೆ ಸೇರಿಸಿದೆ. ಮರುದಿನ ಅವರ ಫೋನು. "ಏನಮ್ಮಾ, ನನ್ನ ತೋಟ ಎಲ್ಲಾ ನೀಲಿ ಕಾಣ್ತಿದೆಯಲ್ಲ? ಒಂದು ಮರಾನೂ ಇಲ್ಲ!" ತೆಗೆದು ನೋಡಿದರೆ ಎದೆ ಧಸಕ್ಕೆಂದಿತು. ಅಕ್ಷಾಂಶ 13.26, ರೇಖಾಂಶ 76.48 ಎಂದು ಬರೆಯಬೇಕಾದಲ್ಲಿ ಹಿಂದುಮುಂದು ಮಾಡಿದ್ದೆ. ತಿಪಟೂರಿನ ತೆಂಗಿನ ತೋಟ ಉತ್ತರ ಧ್ರುವದ ಕಡೆಗೆ, ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬಿದ್ದಿತ್ತು!

ಹೆಡ್‌ಫೋನು ತೆಗೆದಿಟ್ಟು ಅಡಿಗೆಮನೆಗೆ ಹೋಗಿ ಅತ್ತೆ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು, ನಾಳೆಯೇ ಬಿಟ್ಟುಬಿಡೋಣ ಅಂತ ಅನ್ನಿಸಿತು. ನಂತರ ಧೈರ್ಯ ಮಾಡಿ ಅವರಿಗೆ ಫೋನು ಮಾಡಿ, "ತಪ್ಪು ನಂದೇ ಯಜಮಾನರೇ, ಎರಡು ಸಂಖ್ಯೆ ಅದಲು ಬದಲು ಮಾಡಿದ್ದೆ, ಸರಿ ಮಾಡಿದೀನಿ" ಎಂದೆ. ಅವರು ಜೋರಾಗಿ ನಕ್ಕು, "ಹೋಗ್ಲಿ ಬಿಡಮ್ಮಾ, ಹಿಮದಲ್ಲಿ ಕೊಬ್ಬರಿ ಒಣಗಿಸೋದು ಕಷ್ಟ ಆಗ್ತಿತ್ತು" ಎಂದರು. ನನ್ನ ಮೇಲಿನವರೂ ಬೈಯಲಿಲ್ಲ. ಹೊಸಬರು ಮಾಡುವ ಮೊದಲ ತಪ್ಪೇ ಇದಂತೆ. ಯಾರಾದರೂ "ನನ್ನ ಹೊಲ ಕಾಣ್ತಿಲ್ಲ" ಎಂದರೆ ಈಗ ನಾನು ಮೊದಲು ನೋಡುವುದು ಅದನ್ನೇ.

ಆದರೆ ಎಲ್ಲ ಫೋನೂ ನಗುವಲ್ಲಿ ಮುಗಿಯುವುದಿಲ್ಲ.

ಒಂದು ಸಂಜೆ ದೀಪ ಹಚ್ಚುವ ಹೊತ್ತು. ಆ ಕಡೆ ಹೆಂಗಸಿನ ದನಿ, ನಡುಗುತ್ತಿತ್ತು. "ಅಕ್ಕಾ, ಮೊಬೈಲಲ್ಲಿ ಬದು ನಮ್ಮ ಭಾವನೋರ ಹೊಲದ ಒಳಗೆ ಐದಾರು ಹೆಜ್ಜೆ ತೋರಿಸ್ತಿದೆ. ಇಷ್ಟು ದಿನ ನಮಗೆ ಮೋಸ ಮಾಡಿದಾರೆ. ನಮ್ಮನೆಯವರು ಹಾರೆ ತಗೊಂಡು ಕಲ್ಲು ಕೀಳೋಕೆ ಹೊರಟಿದಾರೆ. ಇದು ಸರಿ ಅಂತ ನೀವೊಂದು ಮಾತು ಹೇಳಿಬಿಡಿ."

ನನಗೆ ತಟ್ಟನೆ ನಮ್ಮಪ್ಪನ ನೆನಪಾಯಿತು. ಒಂದು ಬದುವಿಗಾಗಿ ಅಪ್ಪ, ಚಿಕ್ಕಪ್ಪ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಅಪ್ಪ ತೀರಿಹೋದ ದಿನ ಚಿಕ್ಕಪ್ಪ ಬಂದು ಗೇಟಿನ ಹೊರಗೇ ನಿಂತಿದ್ದರು. ಒಳಗೆ ಕರೆಯುವ ಧೈರ್ಯ ನಮಗಾರಿಗೂ ಬರಲಿಲ್ಲ.

"ತಂಗೀ, ಮೊದಲು ಅವರ ಕೈಯಿಂದ ಹಾರೆ ಇಸ್ಕೋ" ಎಂದೆ. ಆಮೇಲೆ ನಿಧಾನವಾಗಿ ತಿಳಿಸಿದೆ. ಬಯಲಿನಲ್ಲಿ ನಿಂತರೂ ಮೊಬೈಲು ತೋರಿಸುವ ಜಾಗ ಸುಮಾರು ಐದು ಮೀಟರು ಆಚೀಚೆ ಆಗಬಹುದು. ಮರದಡಿ, ಗೋಡೆ ಪಕ್ಕ ಇನ್ನೂ ಹೆಚ್ಚು. ಐದು ಮೀಟರು ಎಂದರೆ ಹದಿನಾರು ಅಡಿ. ನೂರು ಮೀಟರು ಉದ್ದದ ಬದುವಿನಲ್ಲಿ ಅಷ್ಟು ಜರುಗಿದರೆ ಹತ್ತಿರ ಹತ್ತಿರ 5 ಗುಂಟೆ! ಇಲ್ಲದ 5 ಗುಂಟೆಗೆ ಅಣ್ಣತಮ್ಮಂದಿರು ಹೊಡೆದಾಡಬೇಕೇ? ಸೆಂಟಿಮೀಟರಿನಷ್ಟು ನಿಖರವಾಗಿ ಅಳೆಯುವ ಉಪಕರಣವೇ ಬೇರೆ. ಗೊತ್ತಿರುವ ಜಾಗದಲ್ಲಿ ಕೂರಿಸಿದ ಇನ್ನೊಂದು ಯಂತ್ರ ತಪ್ಪು ಎಷ್ಟೆಂದು ತಿಳಿಸುತ್ತಿದ್ದರೆ ಮಾತ್ರ ಅದು ಸಾಧ್ಯ.

"ನಾಳೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಅದೇ ಕಲ್ಲಿನ ಹತ್ತಿರ ನಿಂತು ನೋಡಿ, ನಂಗೆ ಹೇಳಿ" ಎಂದೆ. ಮರುದಿನ ಅವಳೇ ಹೇಳಿದಳು, "ಅಕ್ಕಾ, ಮೂರು ಸಲ ಮೂರು ಕಡೆ ತೋರಿಸ್ತು." "ಕಲ್ಲು ನಡೆದಾಡಿತೇನಮ್ಮಾ?" ಎಂದೆ. ಇಬ್ಬರೂ ನಕ್ಕೆವು. ಕಲ್ಲು ಮುಟ್ಟಬಾರದು, ಅದು ಅಪರಾಧ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ಕಾರದ ಭೂಮಾಪಕರೇ ಅಕ್ಕಪಕ್ಕದವರಿಗೆ ನೋಟೀಸು ಕೊಟ್ಟು ಬಂದು ಅಳೆಯುತ್ತಾರೆ ಎಂದು ಹೇಳಿದೆ.

ಕೆಲವು ತಿಂಗಳ ಮೇಲೆ ಅವಳ ಫೋನು ಬಂತು. ಅಳತೆಯಲ್ಲಿ ಅರ್ಧ ಗುಂಟೆ ಭಾವನ ಕಡೆಗೇ ಹೋಯಿತಂತೆ. "ಹೋಗ್ಲಿ ಅಕ್ಕಾ, ಎಲ್ಲರ ಎದುರಿಗೆ ಅಳೆದ್ರು. ಆಮೇಲೆ ಭಾವ ನಮ್ಮನೇಲೇ ಕಾಫಿ ಕುಡಿದ್ರು" ಎಂದಳು. ಆ ತಿಂಗಳ ಸಂಬಳಕ್ಕಿಂತ ಆ ಕಾಫಿಯ ಸುದ್ದಿ ನನಗೆ ದೊಡ್ಡದಾಯಿತು.

"ನಮ್ಮಂಥವರಿಗೆ ಇದು ಬರುತ್ತದೆಯೇ?" ಎಂದು ನೆರೆಹೊರೆಯವರು ಕೇಳುತ್ತಾರೆ. ಕನ್ನಡ ಟೈಪಿಂಗ್ ಬರಬೇಕು, ಕಂಪ್ಯೂಟರಿನ ಅಆಇಈ ಗೊತ್ತಿರಬೇಕು. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. ಇಸ್ರೋದ ಭುವನ್ 2009ರಿಂದ ಇದೆ, ಅದರಲ್ಲಿ ನಿಮ್ಮ ಊರನ್ನೇ ಹುಡುಕಿ ಕೈ ಪಳಗಿಸಿಕೊಳ್ಳಬಹುದು. ಗುಂಟೆ, ಎಕರೆ, ಪಹಣಿ, ಹಿಸ್ಸಾ ನಮಗೆ ಗೊತ್ತಿರುವಷ್ಟು ಪಟ್ಟಣದ ಹುಡುಗರಿಗೆ ಗೊತ್ತಿಲ್ಲ. ಅದೇ ನಮ್ಮ ಬಂಡವಾಳ. ಉಳಿದದ್ದು ತಾಳ್ಮೆ. ಸಿಟ್ಟಿನಲ್ಲಿ ಮಾತಾಡುವವರ ಮಾತನ್ನು ಕೊನೆಯವರೆಗೆ ಕೇಳುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳಿಗೆ ಈಗ ನಾನೇ ಹೇಳಿಕೊಡುತ್ತೇನೆ.

ಮೊನ್ನೆ ರಾತ್ರಿ ಊಟವಾದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತು, "ಅದ್ರಲ್ಲಿ ನಮ್ಮೂರು ಕಾಣುತ್ತೇನೆ?" ಎಂದರು. ಅವರು ತವರಿಗೆ ಹೋಗಿ ಮೂವತ್ತು ವರ್ಷವಾಯಿತು. ಕೆರೆ ಸಿಕ್ಕಿತು, ಏರಿ ಸಿಕ್ಕಿತು, ಗುಡಿಯ ಹಿಂದಿನ ಓಣಿ ಸಿಕ್ಕಿತು. ತವರುಮನೆ ಇದ್ದ ಜಾಗದಲ್ಲಿ ಹಂಚಿನ ಸೂರು ಇರಲಿಲ್ಲ, ತಾರಸಿ ಇತ್ತು. ಅವರು ತೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಮಾರನೆಯ ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. "ನೀ ಹೋಗು, ಯಾರಿಗೆ ಏನು ತೊಂದರೇನೋ" ಎನ್ನುತ್ತ ಉರಿ ಆರಿಸಿದವರು ನಮ್ಮತ್ತೆ.