ಹಿಂದ್ಲ ದಾರಿ

ನಮ್ಮ ಕೇರಿಗೆ ಎರಡು ದಾರಿ. ಒಂದು ಊರೊಳಗಿನ ಬೀದಿ. ಇನ್ನೊಂದು ಗದ್ದೆ ಬಯಲಲ್ಲಿ ಹಾದು ನಾಲೆ ಏರಿ ಹತ್ತುವ ದಾರಿ. ಮೊದಲನೆಯದು ಡಾಂಬರು ಕಂಡಿದೆ, ಲೈಟು ಕಂಡಿದೆ. ಅದರ ಎರಡೂ ಕಡೆ ಜಗಲಿಗಳಿವೆ, ಜಗಲಿಗಳ ಮೇಲೆ ಕಣ್ಣುಗಳಿವೆ. ಎರಡನೆಯದಕ್ಕೆ ಒಂದು ಹೆಸರೂ ಇಲ್ಲ. ನಮ್ಮ ಅವ್ವಂದಿರು ಅದನ್ನ 'ಹಿಂದ್ಲ ದಾರಿ' ಅಂತಾರೆ. ಸತ್ತೋರನ್ನ ಹೊತ್ತುಕೊಂಡು ಹೋಗೋದೂ ಅದರಲ್ಲೇ, ಓದೋ ಮಕ್ಕಳು ಹೈಸ್ಕೂಲಿಗೆ ಹೋಗೋದೂ ಅದರಲ್ಲೇ.

ಈ ಹಿಂದ್ಲ ದಾರಿಯ ಕತೆ ಹೇಳಲು ಕೂತಿದ್ದೇವೆ. 'ನಾವು' ಅಂದರೆ ನಮ್ಮ ಕೇರಿಯಲ್ಲಿ ಮೊದಲ ಸಲ ಡಿಗ್ರಿ ಮುಗಿಸಿದ ಐದು ಜನ ಹುಡುಗ ಹುಡುಗಿಯರು. ನಮ್ಮಲ್ಲೊಬ್ಬರಿಗೆ ಪದ್ಯ ಬರೆಯುವ ಚಟ. ಪದ್ಯ ಬರೆಯುವವರಿಗೆ ಅರ್ಜಿ ಬರೆಯುವುದು ಯಾವ ಲೆಕ್ಕ ಎಂದು ಕೇರಿಯವರು ಆ ಕೆಲಸವನ್ನೂ ನಮ್ಮ ತಲೆಗೇ ಕಟ್ಟಿದರು. ಗೆಳೆಯರೇ, ಪದ್ಯ ಸುಲಭ. ಅರ್ಜಿ ಕಷ್ಟ. ಪದ್ಯಕ್ಕೆ ಯಾರ ಸಹಿಯೂ ಬೇಕಿಲ್ಲ.

2012ರಲ್ಲಿ ನಾವು ಎಂಟನೇ ಕ್ಲಾಸು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ನಮಗೂ ಸರ್ಕಾರದ ಸೈಕಲ್ ಸಿಕ್ಕಿತು. ನಮ್ಮ ಮನೆಗಳಿಗೆ ಸ್ವಂತವಾಗಿ ಬಂದ ಮೊದಲ ಚಕ್ರ ಅದು. ಅಪ್ಪಂದಿರು ಎತ್ತಿನ ಗಾಡಿ ಹೊಡೆದದ್ದುಂಟು. ಗಾಡಿಯೂ ಎತ್ತೂ ಇನ್ನೊಬ್ಬರವು. ಸೈಕಲ್ಲಿಗೆ ಅವ್ವ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಚಕ್ರದಡಿ ಇಟ್ಟು ಕಳಿಸಿದಳು. ಊರ ಬೀದಿಯಲ್ಲಿ ಮಾರಿಗುಡಿ ಹತ್ತಿರ ಬಂದಾಗ ಜಗಲಿಯಿಂದ ಮಾತು ಬಂತು:

"ಯಾಕ್ರಲಾ, ಕಾಲ್ ನೋಯ್ತಾವಾ? ಗುಡಿ ದಾಟೋಗಂಟ ಇಳ್ದು ತಳ್ಕೊಂಡೋಗ್ರಿ."

ಬೈಯಲಿಲ್ಲ. ಹೊಡೆಯಲಿಲ್ಲ. ನಗುನಗುತ್ತಲೇ ಹೇಳಿದರು. ನಾವು ಇಳಿದೆವು. ಹದಿಮೂರು ವರ್ಷದ ಮಕ್ಕಳು ಇಳಿಯದೆ ಇನ್ನೇನು ಮಾಡಿಯಾವು? ಮಾರನೇ ದಿನ ಯಾರೂ ಹೇಳಲೇ ಇಲ್ಲ, ನಾವಾಗಿಯೇ ಇಳಿದೆವು. ಈಗ ನೆನೆದರೆ ಮೈ ಉರಿಯುವುದು ಮೊದಲ ದಿನಕ್ಕಲ್ಲ, ಆ ಎರಡನೇ ದಿನಕ್ಕೆ. ಅಲ್ಲಿಂದ ಮುಂದೆ ಸೈಕಲ್ಲನ್ನು ಹಿಂದ್ಲ ದಾರಿಗೆ ತಿರುಗಿಸಿದೆವು. ಅಲ್ಲಿ ಮುಳ್ಳಿತ್ತು, ಕೆಸರಿತ್ತು; ಜಗಲಿ ಇರಲಿಲ್ಲ.

ಓದಿದ ಮೇಲೆ ತಿಳಿಯಿತು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೇ ರಸ್ತೆಯ ಹೆಸರನ್ನೂ ಹೇಳುತ್ತದೆ. ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದು ಅನ್ನುತ್ತದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲೂ ದಾರಿಯ ಮಾತಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂದಾಗ ಇನ್ನೊಂದು ಮಾತು ಸೇರಿತು: ದಲಿತರು, ಆದಿವಾಸಿಗಳು ಸಾರ್ವಜನಿಕ ಜಾಗದಲ್ಲಿ ಸೈಕಲ್ ಹತ್ತುವುದನ್ನು, ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು ತಡೆದರೆ ಅಪರಾಧ. ಹೌದು, ಸೈಕಲ್! ಈ ದೇಶದ ಪಾರ್ಲಿಮೆಂಟು ಸುಮ್ಮಸುಮ್ಮನೆ ಕಾನೂನಿನಲ್ಲಿ ಸೈಕಲ್ಲಿನ ಹೆಸರು ಬರೆಯುತ್ತದೆಯೇ? ಎಷ್ಟು ಊರುಗಳಲ್ಲಿ ಎಷ್ಟು ಜನ ಇಳಿದು ತಳ್ಳಿಕೊಂಡು ಹೋಗಿರಬೇಕು!

ಇತ್ತ ಹಿಂದ್ಲ ದಾರಿ ವರ್ಷವರ್ಷ ಸಣ್ಣಗಾಗುತ್ತಿತ್ತು. ಪಕ್ಕದ ಗದ್ದೆಯವರ ನೇಗಿಲು ವರ್ಷಕ್ಕೊಂದು ಸಾಲು ತಿಂದಿತು. ಆಮೇಲೆ ಟ್ರ್ಯಾಕ್ಟರು ಬಂತು, ಅದರ ಬಾಯಿ ದೊಡ್ಡದು. ಕಬ್ಬು ಎರಡೂ ಕಡೆಯಿಂದ ಬಾಗಿ ಸೋಗೆ ಮುಖ ಗೀಚುತ್ತಿತ್ತು. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಮೊಣಕಾಲುದ್ದ ಕೆಸರು. ಕಡೆಗೆ 2021ರಲ್ಲಿ ದಾರಿಯ ಬಾಯಿಗೆ ಮುಳ್ಳುಬೇಲಿ ಬಿತ್ತು. ಆ ವರ್ಷ ನಮ್ಮಲ್ಲೊಬ್ಬರ ತಂಗಿ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟಳು. ಯಾಕವ್ವ ಅಂದರೆ, "ದಿನಾ ಆ ಬೀದೀಲಿ ಅವ್ರ ಮಾತ್ ಕೇಳ್ಕೊಂಡ್ ಹೋಗಾಕೆ ನಂಗಾಗಲ್ಲ, ಬುಡಣ್ಣ" ಅಂದಳು. ಈಗ ಅವಳು ಗಾರ್ಮೆಂಟ್ಸ್ ಬಸ್ಸಿನಲ್ಲಿ ಹೋಗುತ್ತಾಳೆ.

ಮೊದಲ ಅರ್ಜಿ ಬರೆದೆವು. ಎರಡು ಪುಟ. 1893ರಲ್ಲಿ ಅಯ್ಯನ್‌ಕಾಳಿಯವರು ತಿರುವಾಂಕೂರಿನ ಬೀದಿಯಲ್ಲಿ ಎತ್ತಿನ ಗಾಡಿ ಹೊಡೆದದ್ದು, 1924ರ ವೈಕಂ ಸತ್ಯಾಗ್ರಹ ಗುಡಿಯೊಳಗಿನ ದೇವರಿಗಲ್ಲ ಗುಡಿಯ ಸುತ್ತಲಿನ ಬೀದಿಗಾಗಿ ನಡೆದದ್ದು, 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನಲ್ಲಿ ಜನರನ್ನು ಕರೆದುಕೊಂಡು ಕೆರೆಯತನಕ ನಡೆದದ್ದು, ಎಲ್ಲ ಬರೆದೆವು. ಓದಿದರೆ ನಮಗೇ ರೋಮಾಂಚನ. ಕೇರಿಯಲ್ಲಿ ಬಿದ್ದ ಸಹಿ ಒಂಬತ್ತು. ಅದರಲ್ಲಿ ಐದು ನಮ್ಮವೇ.

ನಮಗೆ ಸಿಟ್ಟು ಬಂತು. ಗುಲಾಮರು ಅಂದುಬಿಟ್ಟೆವು, ಹೆತ್ತವರನ್ನೇ. ಅವ್ವ ರಾಗಿ ಬೀಸಿದ ಹಿಟ್ಟು ಜರಡಿ ಹಿಡಿಯುತ್ತಾ ತಲೆ ಎತ್ತದೆ ಹೇಳಿದಳು:

"ಬೇಲಿ ಹಾಕ್ದೋನೂ ಅವ್ನೆ, ಕೂಲಿಗ್ ಕರ್ಯೋನೂ ಅವ್ನೆ. ಸೈನ್ ಹಾಕ್ಬುಟ್ರೆ ನಾಳೀಕೆ ಒಲೆ ಮ್ಯಾಲೆ ನಿಮ್ ಕಾಗ್ದ ಬೇಯಿಸ್ಲಾ?"

ಅದು ಅಂಜುಬುರುಕತನವಲ್ಲ, ಲೆಕ್ಕ. ನಮ್ಮ ಬಿ.ಎ.ಯಲ್ಲಿ ಕಲಿಸದ ಅರ್ಥಶಾಸ್ತ್ರ. ಒಬ್ಬೊಬ್ಬರೇ ಸಹಿ ಹಾಕಿದರೆ ಒಬ್ಬೊಬ್ಬರ ಒಲೆಯೂ ಆರುತ್ತದೆ. ಎಲ್ಲರೂ ಹಾಕಿದರೆ ಕಬ್ಬು ಕಡಿಯಲು ಆತ ಯಾರನ್ನ ಕರೆದಾನು? ನಾವು ಇತಿಹಾಸ ಬರೆದಿದ್ದೆವು, ಈ ಲೆಕ್ಕ ಬರೆದಿರಲಿಲ್ಲ.

ಆಗ ಒಂದು ಕೆಲಸ ಮಾಡಿದೆವು. ನೋಟ್ ಪುಸ್ತಕ ತಗೊಂಡು ನಾಲೆ ಏರಿಯ ಹೊಂಗೆ ಮರದಡಿ ಮೂರು ದಿನ, ಬೆಳಕು ಹರಿಯುವ ಮುಂಚಿನಿಂದ ಕತ್ತಲಾಗುವವರೆಗೆ ಸರದಿ ಮೇಲೆ ಕೂತೆವು. ಬೇಲಿ ಬಿದ್ದಿದ್ದರೂ ಜನ ಮುಳ್ಳು ಸರಿಸಿ, ಬದು ಹತ್ತಿ ನುಗ್ಗುತ್ತಲೇ ಇದ್ದರು. ಯಾರು ಹೋದರು, ಯಾತಕ್ಕೆ ಹೋದರು, ತಲೆ ಮೇಲೆ ಏನಿತ್ತು, ಬರೆದುಕೊಂಡೆವು. ಕೋಳಿ ಕೂಗುವ ಹೊತ್ತಿಗೆ ಹಾಲಿನ ಕ್ಯಾನು ಹಿಡಿದ ಹೆಂಗಸರು. ಆಮೇಲೆ ಕೂಲಿಯವರು, ಸ್ಕೂಲಿನ ಮಕ್ಕಳು, ಅಂಗನವಾಡಿ ಸಹಾಯಕಿ. ಹುಲ್ಲಿನ ಹೊರೆ, ಸೌದೆ ಹೊರೆ, ಗೊಬ್ಬರದ ಮೂಟೆ ಕಟ್ಟಿದ ಸೈಕಲ್ಲು. ಪುಸ್ತಕ ನೋಡಿದರೆ ನಮಗೇ ಆಶ್ಚರ್ಯ. ನಮ್ಮ ಕೇರಿಯದು ಅಂದುಕೊಂಡಿದ್ದ ದಾರಿಯಲ್ಲಿ ಊರಿನ ಸಣ್ಣ ರೈತರೂ ಇದ್ದರು. ಅರ್ಧ ಎಕರೆ, ಮುಕ್ಕಾಲು ಎಕರೆಯವರು. ಅವರಿಗೂ ದೊಡ್ಡ ಗದ್ದೆಯವನ ಮುಂದೆ ಬಾಯಿಲ್ಲ.

ಪುಸ್ತಕ ಹಿಡಿದು ಅವರ ಬಾಗಿಲಿಗೆ ಹೋದೆವು. ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ನಿಂತೇ ಮಾತಾಡಿದೆವು. ಒಬ್ಬ ರೈತರು ಒಳ್ಳೆಯ ಮಾತಿನಲ್ಲೇ ಹೇಳಿದರು: "ನೋಡ್ರಪ್ಪ, ಆ ಜಾತಿ ಮಾತೊಂದ್ ತೆಗ್ದ್ಬುಡಿ. ರೈತರ ದಾರಿ ಅಂತ ಬರೀರಿ. ನಾವೂ ಹೆಬ್ಬೆಟ್ ಒತ್ತೀವಿ."

ಅವತ್ತು ರಾತ್ರಿ ಅಂಬೇಡ್ಕರ್ ಭವನದ ಮೆಟ್ಟಿಲ ಮೇಲೆ ಜಗಳವೇ ಆಯಿತು. ತೆಗೆದರೆ ಏನು ನಷ್ಟ, ದಾರಿ ಆಗುತ್ತದಲ್ಲ ಅಂದರು ಕೆಲವರು. ಇನ್ನು ಕೆಲವರು, ದಾರಿ ಮುಚ್ಚಿದ್ದು ರೈತರು ಅಂತಲೋ ಹೊಲೆಯರು ಅಂತಲೋ ಅಂದರು. ಅದೇ ಗದ್ದೆಯ ಇನ್ನೊಂದು ಮಗ್ಗುಲಲ್ಲಿ ಊರ ಕಡೆಗಿದ್ದ ದಾರಿಗೆ ಯಾಕೆ ಬೇಲಿ ಬೀಳಲಿಲ್ಲ? ಎರಡೂ ನಿಜ. ಕಡೆಗೆ ಹೀಗೆ ಬರೆದೆವು. ಮೊದಲ ವಾಕ್ಯ: ಕೇರಿಯ ಮಕ್ಕಳು ಸ್ಕೂಲಿಗೆ, ಕೇರಿಯ ಹೆಣ ಮಸಣಕ್ಕೆ ಹೋಗುವ ದಾರಿಯನ್ನು ಮುಚ್ಚಲಾಗಿದೆ. ಎರಡನೆಯ ವಾಕ್ಯ: ಇದೇ ದಾರಿಯಲ್ಲಿ ಊರಿನ ಇಂಥಿಂಥವರೂ ನಡೆಯುತ್ತಾರೆ. ಅದರ ಕೆಳಗೆ ನೋಟ್ ಪುಸ್ತಕದ ಪಟ್ಟಿ. ಎರಡೇ ವಾಕ್ಯ, ಒಂದು ಪಟ್ಟಿ. ಅಯ್ಯನ್‌ಕಾಳಿ, ವೈಕಂ, ಮಹಾಡು ಎಲ್ಲ ನಮ್ಮ ಎದೆಯಲ್ಲೇ ಉಳಿದವು.

ಆ ರೈತರು ಮೊದಲ ವಾಕ್ಯ ಕೇಳಿ ಎದ್ದು ಹೋದರು. ಹಾಲು ಹಾಕುವ ಊರಿನ ಅಕ್ಕ ಒಬ್ಬರು ಮಾತ್ರ ಪೆನ್ನು ಇಸಕೊಂಡರು. "ಡೈರೀಲಿ ನನ್ ಹಾಲೂ ನಿಮ್ ಹಾಲೂ ಒಂದೇ ಕ್ಯಾನಿಗ್ ಬೀಳ್ತದೆ. ದಾರೀಲಿ ಮಾತ್ರ ಬ್ಯಾರೆ ಮಾಡಿ ಏನ್ ಮಾಡಾನ?" ಅಂದರು. ಅವರ ಹಿಂದೆ ಇನ್ನೂ ಕೆಲವು ಹೆಂಗಸರು ಬಂದರು.

ಇನ್ನೊಂದು ಬಾಗಿಲಿತ್ತು. ಅದನ್ನು ತಟ್ಟುವುದು ಊರಿನ ಬಾಗಿಲು ತಟ್ಟುವುದಕ್ಕಿಂತ ಕಷ್ಟವಾಯಿತು. ನಾಲೆ ಪಕ್ಕದ ಮಾದಿಗರ ಕೇರಿ. ನಮ್ಮ ಹಿರೀಕರು ಅಲ್ಲಿ ನೀರು ಕುಡಿದವರಲ್ಲ. ಊರ ಜಗಲಿಯ ಬಗ್ಗೆ ಪದ್ಯ ಬರೆದ ನಾವು ನಮ್ಮದೇ ಜಗಲಿಯ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಹೋದಾಗ ಅಲ್ಲಿನ ಅಜ್ಜಿಯೊಬ್ಬಳು ಮುಖ ನೋಡಿ ಕೇಳಿದಳು: "ದಾರಿ ಬೇಕಾದಾಗ ದಾರಿ ಗೊತ್ತಾಯ್ತಾ, ಮಕ್ಳಾ?" ನಮ್ಮ ಬಳಿ ಉತ್ತರ ಇರಲಿಲ್ಲ. ಅವರು ಕೊಟ್ಟ ಟೀ ಕುಡಿದೆವು. ನಮ್ಮ ಅಪ್ಪನೊಬ್ಬನೂ ಬಂದಿದ್ದ. ಲೋಟ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತ, ಆಮೇಲೆ ಕುಡಿದ. ಅವತ್ತಿನ ಸಭೆಯಲ್ಲಿ ಆದದ್ದು ಇಷ್ಟೇ. ಇಷ್ಟೇ ಆದರೂ ಸಾಕಾಯಿತು.

ಬೇಲಿ ಹಾಕಿದವರ ವಾದ ಒಂದೇ: "ಅದು ನಮ್ಮ ಜಮೀನು, ದಾರಿ ಎಲ್ಲದೆ ತೋರ್ಸಿ." ತಾಲ್ಲೂಕು ಕಛೇರಿಗೆ ಅಲೆದು ಗ್ರಾಮ ನಕಾಶೆಯ ನಕಲು ತಂದೆವು. ಈ ಪತ್ರಿಕೆ ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಬೇಕು. ನಕಾಶೆಯಲ್ಲಿ ಒಂದು ಚುಕ್ಕಿಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಇದ್ದರೆ ಬಂಡಿದಾರಿ. ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಅಷ್ಟು ನೆಲ ದಾರಿ, ಮಸಣ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದಕ್ಕೆ ಕಂದಾಯವಿಲ್ಲ, ಅದು ಹಿಡುವಳಿದಾರನದಲ್ಲ. ನಮ್ಮ ಹಿಂದ್ಲ ದಾರಿಗೆ ಜೋಡಿ ಚುಕ್ಕಿಗೆರೆ ಇತ್ತು. ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ನಡೆದ ನಮಗೆ, ಅದು ಒಂದು ಕಾಲಕ್ಕೆ ಗಾಡಿ ಓಡಿದ ದಾರಿ ಎಂದು ಯಾರೂ ಹೇಳಿರಲಿಲ್ಲ.

ಯಾರೂ ಅಂದರೆ ತಪ್ಪಾಗುತ್ತದೆ. ನಮ್ಮ ಕೇರಿಯ ತಾತ ಒಬ್ಬರು ಹೇಳುತ್ತಲೇ ಇದ್ದರು, ನಾವು ಕೇಳಿರಲಿಲ್ಲ. ಅವರದು ಕುಳವಾಡಿ ಮನೆ. ಹಳೇ ಮೈಸೂರು ಸೀಮೆಯಲ್ಲಿ ಗಡಿ ತಕರಾರು ಬಂದರೆ ಕುಳವಾಡಿ ಹೇಳಿದ್ದೇ ಕೊನೇ ಮಾತಾಗಿತ್ತು ಎಂದು ಪುಸ್ತಕಗಳೂ ಬರೆದಿವೆ. ಊರಿನ ಎಲ್ಲ ಹೊಲದ ಎಲ್ಲೆ ಗೊತ್ತಿದ್ದವನಿಗೆ ಒಂದು ಗೇಣು ಹೊಲ ಇರಲಿಲ್ಲ! 1961ರ ಕಾಯ್ದೆ ಊರಿನ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು, ಆದರೆ ತಾತನ ತಲೆಯಲ್ಲಿದ್ದ ಎಲ್ಲೆ ಹೋಗಿರಲಿಲ್ಲ. ಸಣ್ಣ ಹುಡುಗನಾಗಿದ್ದಾಗ ತನ್ನಪ್ಪನ ಜೊತೆ ಮೂವತ್ಮೂರು ಅಡಿಯ ಅಳತೆ ಸರಪಳಿ ಹಿಡಿದು ಓಡಾಡಿದ್ದವರು ಅವರು.

ಸರ್ವೇಯರ್ ಬಂದ ದಿನ ತಾತನನ್ನು ಕುರ್ಚಿ ಸಮೇತ ಎತ್ತಿಕೊಂಡು ಹೋದೆವು. ಕಣ್ಣು ಮಂಜು. ಕೋಲಿನಿಂದ ನೆಲ ತಟ್ಟುತ್ತಾ, "ಇಲ್ಲಲ್ಲ, ಇನ್ನೂ ಅತ್ಲಾಗೆ. ಆ ಹೊಂಗೆ ಮರದಿಂದ ಮೂಡ್ಲಾಗೆ" ಅಂದರು. ಕಬ್ಬಿನ ಸಾಲಿನೊಳಗೆ ಎರಡಡಿ ಅಗೆದಾಗ ಬಾಂದಿನ ಕಲ್ಲು ಸಿಕ್ಕಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ತಾತ ಕಲ್ಲು ಮುಟ್ಟಿ ನೋಡಿ, "ಇದೇ ಕಣ್ರಪ್ಪ" ಅಂದು ಬೀಡಿ ಕೇಳಿದರು.

ಗ್ರಾಮಸಭೆಯಲ್ಲಿ ಠರಾವಾಯಿತು. ಆದರೆ ಅದಕ್ಕೆ ಮೊದಲು ಎರಡು ತಿಂಗಳು ನಮ್ಮ ಕೇರಿಯವರನ್ನು ಆ ಗದ್ದೆಗಳಿಗೆ ಕೂಲಿಗೆ ಕರೆಯಲಿಲ್ಲ. ಅವ್ವ ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ಸಂಘದ ಸಾಲದ ಕಂತು ನಿಂತವು, ಕಿವಿಯ ಓಲೆ ಅಡವಿಗೆ ಹೋದವು. ನಮ್ಮ ಬದಲಿಗೆ ಮಾದಿಗರ ಕೇರಿಗೆ ಕರೆ ಹೋಯಿತು, ಹೆಚ್ಚು ಕೂಲಿಯ ಮಾತೂ ಹೋಯಿತು. ಆ ಹೆಂಗಸರು ಹೋಗಲಿಲ್ಲ. ನಾವೊಂದು ಲೋಟ ಟೀ ಕುಡಿದದ್ದಕ್ಕೆ ಅವರು ಎರಡು ತಿಂಗಳ ಕೂಲಿ ಬಿಟ್ಟರು. ಈ ಸಾಲವನ್ನು ಹೇಗೆ ತೀರಿಸುವುದು ಎಂದು ನಮ್ಮ ಕೇರಿ ಇನ್ನೂ ಯೋಚಿಸಬೇಕು.

2023ರ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಕೆಲಸ ಶುರುವಾಯಿತು. ಆ ವರ್ಷ ದಿನಗೂಲಿ 316 ರೂಪಾಯಿ. ಬೇಲಿ ಕಿತ್ತು, ಮಣ್ಣು ಏರಿಸಿ, ಗರಸು ಹಾಕಿ, ಕಾಲುವೆ ಅಡ್ಡ ಬರುವಲ್ಲಿ ಪೈಪು ಹೂತು ಮೋರಿ ಕಟ್ಟಿದೆವು. ಮಸಣಕ್ಕೆ ಹೆಣ ಹೊತ್ತ ದಾರಿಗೆ ಮಂಕರಿಯಲ್ಲಿ ಮಣ್ಣು ಹೊತ್ತೆವು. ಎದ್ದು ಹೋಗಿದ್ದ ಆ ರೈತರ ಮಗನೂ ಈಗ ಅದೇ ದಾರಿಯಲ್ಲಿ ಸೈಕಲ್ಲಿಗೆ ಗೊಬ್ಬರದ ಮೂಟೆ ಕಟ್ಟಿಕೊಂಡು ಹೋಗುತ್ತಾನೆ. ಹೋಗಲಿ. ದಾರಿ ಇರುವುದೇ ಹೋಗುವುದಕ್ಕೆ. ಮಳೆಗೆ ಗರಸು ಕೊಚ್ಚಿಹೋಗುತ್ತದೆ. ವರ್ಷಕ್ಕೊಂದು ಭಾನುವಾರ ಎರಡೂ ಕೇರಿಯವರು ಸೇರಿ ಗುಂಡಿ ಮುಚ್ಚುತ್ತೇವೆ. ಜನ ನಡೆಯುವುದು ನಿಂತರೆ ನೇಗಿಲು ಮತ್ತೆ ಬರುತ್ತದೆ, ನಕಾಶೆಯೊಂದೇ ಅದನ್ನು ತಡೆಯಲಾರದು.

ಸಂಗಾತಿಗಳೊಬ್ಬರು ನಮ್ಮನ್ನು ಕೇಳಿದರು: "ಹಿಂದ್ಲ ದಾರಿ ಮಾಡ್ಕೊಂಡ್ರಿ, ಸರಿ. ಊರ ಬೀದಿಯಲ್ಲಿ ಸೈಕಲ್ ಇಳೀಬೇಕಾದ ಮಾತು ಏನಾಯ್ತು? ಇದು ಗೆಲುವೋ, ತಪ್ಪಿಸ್ಕೊಂಡು ಓಡೋದೋ?"

ಆ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಹಿಂದ್ಲ ದಾರಿ ಇಲ್ಲದಿದ್ದರೆ ಈ ವರ್ಷ ಹೈಸ್ಕೂಲಿಗೆ ಹೋಗುವ ಹುಡುಗಿಯರಲ್ಲಿ ಎಷ್ಟು ಜನ ಮನೆಯಲ್ಲಿರುತ್ತಿದ್ದರೋ! ಅದಕ್ಕಾಗಿ ಈ ದಾರಿ ಬೇಕಿತ್ತು. ಆದರೆ ಜಗಲಿಯ ಆ ನಗು ಹಾಗೇ ಇದೆ. ಮೊನ್ನೆ ಮಳೆ ಜೋರಾಗಿ ನಾಲೆ ಏರಿ ಜಾರುತ್ತಿದ್ದಾಗ ಮೂವರು ಹುಡುಗಿಯರು ಊರ ಬೀದಿಯಲ್ಲೇ ಸೈಕಲ್ ಹೊಡೆದುಕೊಂಡು ಬಂದರಂತೆ. ಜಗಲಿಯಿಂದ ಯಾರೋ ಏನೋ ಅಂದರಂತೆ. "ಇಳಿದ್ರೇನ್ರೇ?" ಅಂತ ನಾವು ಗಾಬರಿಯಿಂದ ಕೇಳಿದೆವು.

"ಮಳೆ ಅಲ್ವಾ ಅಕ್ಕ, ಏನೂ ಕೇಳಿಸ್ಲಿಲ್ಲ" ಅಂದವು, ಬಟ್ಟೆ ಹಿಂಡುತ್ತಾ.

ಮುಂದಿನ ಅರ್ಜಿ ಆ ಬೀದಿಯದು. ನೋಟ್ ಪುಸ್ತಕ ತಂದಿಟ್ಟಿದ್ದೇವೆ.